ಮನೆ ಅಂಗಳದಲ್ಲಿ ಎದ್ದು ನಿಂತ ಕಾಂಟೆಸ್ಸಾ: ನೋಡೋದು ಹೇಗೆ, ಬೆಲೆ ಕಟ್ಟೋದು ಹೇಗೆ

ಹಳೇ ಕಾರಿನ ಹುಚ್ಚು ಇರುವ ನಮ್ಮ ಕಡೆಯ ಹುಡುಗರಿಗೆ ಈಗ ಕಾಂಟೆಸ್ಸಾನೇ ಬೇಕು. ಉದ್ದ ಬಾನೆಟ್, ಅಗಲ ಮೈ, ಹಿಂದಿನ ಚಕ್ರಕ್ಕೆ ಎಳೆತ. ಕಪ್ಪು ಬಣ್ಣ ಹೊಡೆದು, ಅಗಲ ಟೈರ್ ಹಾಕಿ, ಬಾನೆಟ್ ಮೇಲೆ ಎರಡು ಬಿಳಿ ಪಟ್ಟೆ ಎಳೆದರೆ ಸ್ಪೋರ್ಟ್ಸ್ ಕಾರಿನ ಗತ್ತು ಬಂದುಬಿಡುತ್ತದೆ. ಹಿಂದೂಸ್ಥಾನ್ ಮೋಟರ್ಸ್ ಇದನ್ನು 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್, 1970ರ ದಶಕದ ಕಾರು. ಅಂದರೆ ಕಟ್ಟಕಡೆಯ ಕಾಂಟೆಸ್ಸಾಕ್ಕೂ ಈಗ ಇಪ್ಪತ್ತು ವರ್ಷ ದಾಟಿದೆ. ಮಾರಾಟಕ್ಕೆ ಬರುವವುಗಳಲ್ಲಿ ತುಂಬಾ ಕಾರುಗಳು ಯಾರದೋ ಅಂಗಳದಲ್ಲಿ, ರಜೆಯ ದಿನಗಳಲ್ಲಿ, ಸ್ವಂತ ಕೈಯಿಂದ ರಿಪೇರಿ ಆದವು.

ನಾನು ಸಿಮೆಂಟ್ ಫ್ಯಾಕ್ಟರಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ರಿಟೈರ್ ಆದವನು. ಕಲಬುರಗಿಯಲ್ಲಿ ಮನೆ. ಹಳೇ ಗಾಡಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಇತ್ತೀಚೆಗೆ ತಂಗಿಯ ಮಗನ ಜೊತೆ ಬೀದರಿಗೆ ಹೋಗಿ ಇಂಥದ್ದೇ ಒಂದು ಕಾರು ನೋಡಿದೆ. ಮಾರುವವರು ಕಾಲೇಜಿನ ಮೇಷ್ಟ್ರು. ಆ ಕಾರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಸ್ವಂತಕ್ಕೆ ಮಾಡಿಕೊಂಡ ಕೆಲಸ ಅಂದರೆ ಕಳಪೆ ಕೆಲಸ ಅಂತ ತಿಳಿಯಬೇಡಿ. ಯಾವ ಗ್ಯಾರೇಜಿನವನೂ ಕೊಡದಷ್ಟು ಸಮಯ ಅವರು ಕೊಟ್ಟಿರುತ್ತಾರೆ. ಆದರೆ ಒಬ್ಬನೇ ಮನುಷ್ಯನಿಗೆ ಇಂಜಿನ್, ವೆಲ್ಡಿಂಗ್, ವೈರಿಂಗ್, ಪೇಂಟಿಂಗ್ ಎಲ್ಲವೂ ಬರೋದು ಕಷ್ಟ. ಕೈ ಪಳಗಿದ ಕಡೆ ಕೆಲಸ ಚೊಕ್ಕಟ ಇರುತ್ತದೆ. ಪಳಗದ ಕಡೆ ಬಣ್ಣ ಮುಚ್ಚಿರುತ್ತದೆ. ಅವರ ಕೈ ಎಲ್ಲಿಗೆ ನಿಂತಿತು ಅಂತ ಕಂಡುಹಿಡಿಯೋದೇ ನಮ್ಮ ಕೆಲಸ. ಬೆಲೆ ಕೂಡ ಅಲ್ಲಿಂದಲೇ ಹುಟ್ಟೋದು.

ಹೋಗುವ ಮುಂಚೆ ಫೋನಿನಲ್ಲೇ

ಮೊದಲು ಆರ್‌ಸಿಯ ಫೋಟೋ ತರಿಸಿಕೊಳ್ಳಿ. ಅದರಲ್ಲಿ ಸಿಸಿ ಎಷ್ಟಿದೆ ನೋಡಿ. 1489 ಇದ್ದರೆ ಅದು ಅಂಬಾಸಿಡರ್‌ಗೂ ಹಾಕುತ್ತಿದ್ದ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಹಳೇ ಪೆಟ್ರೋಲ್ ಇಂಜಿನ್. 1817 ಇದ್ದರೆ ಜಪಾನಿನ ಇಸುಜು ಕಂಪನಿಯ ಪೆಟ್ರೋಲ್ ಇಂಜಿನ್, ಐದು ಗೇರಿನದು. ಎಲ್ಲರೂ ಹುಡುಕೋದು ಇದನ್ನೇ, ಬೆಲೆಯೂ ಜಾಸ್ತಿ. ಡೀಸೆಲ್ ಕಾಂಟೆಸ್ಸಾಗಳೂ ಬಂದಿದ್ದವು. ಈಗ ಎಷ್ಟೋ 1489 ಕಾರುಗಳಲ್ಲಿ ಬೇರೆ ಇಂಜಿನ್ ಕೂತಿದೆ. ಕೂತಿದ್ದರೆ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಹತ್ತಿಸಿರಬೇಕು. ಕಂಪನಿ ಮಾಡಿದ್ದನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಆರ್‌ಸಿಯಲ್ಲಿ ಒಂದು ಇಂಜಿನ್, ಬಾನೆಟ್ ಕೆಳಗೆ ಇನ್ನೊಂದು ಅಂದರೆ ನಾನು ಹೊರಡೋದೇ ಇಲ್ಲ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಕೈ ಎತ್ತಿದರೆ ನೀವು ಕೊಟ್ಟ ದುಡ್ಡಷ್ಟೇ ಅಲ್ಲ, ಮನೆಯೂ ಹೋಗುತ್ತದೆ.

"ವಿಂಟೇಜ್ ಗಾಡಿ" ಅನ್ನೋ ಮಾತಿಗೆ ಮರುಳಾಗಬೇಡಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿದ್ದರೆ ಮಾತ್ರ ವಿಂಟೇಜ್. ಯಾವ ಕಾಂಟೆಸ್ಸಾಕ್ಕೂ ಅಷ್ಟು ವಯಸ್ಸಾಗಿಲ್ಲ. ಇದು ಮಾಮೂಲಿ ಹಳೇ ಕಾರು. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಲೇಬೇಕು. ಅವಧಿ ಮುಗಿದಿದ್ದರೆ ಆ ಖರ್ಚು, ಓಡಾಟ ಯಾರದ್ದು ಅಂತ ಫೋನಿನಲ್ಲೇ ಕೇಳಿ. ನಂಬರ್ ಸೋಲಾಪುರದ್ದೋ ಹೈದರಾಬಾದಿನದ್ದೋ ಆಗಿದ್ದರೆ ಅಲ್ಲಿನ ಆರ್‌ಟಿಓ ಕೊಡುವ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು. ತರಿಸಿಕೊಡುವ ಜವಾಬ್ದಾರಿ ಮಾರುವವರದ್ದು.

ರಿಪೇರಿ ನಡೆದಾಗಿನ ಫೋಟೋಗಳನ್ನು ಕೇಳಿ. ಹೊಳೆಯುವ ಫೋಟೋ ಬೇಡ. ಬಣ್ಣ ಕಿತ್ತ ತಗಡಿನ ಫೋಟೋ ಬೇಕು. ಪ್ರೀತಿಯಿಂದ ಮಾಡಿದವರ ಫೋನಿನಲ್ಲಿ ಅವು ಇದ್ದೇ ಇರುತ್ತವೆ. ಬೀದರಿನ ಮೇಷ್ಟ್ರು ಕೇಳಿದ ತಕ್ಷಣ ರಾಶಿ ಕಳಿಸಿದರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಕೊನೆಗೆ ಒಂದು ವಿನಂತಿ ಮಾಡಿ: "ನಾವು ಬರೋತನಕ ಗಾಡಿ ಸ್ಟಾರ್ಟ್ ಮಾಡಬೇಡ್ರಿ, ತೊಳೀಬೇಡ್ರಿ."

ತಗಡು

ಬೆಳಿಗ್ಗೆ ಏಳು, ಎಂಟಕ್ಕೆ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ಕಾರಿನ ಬದಿಗೆ ಕೂತು ಮುಂದಿನಿಂದ ಹಿಂದಕ್ಕೆ ಕಣ್ಣು ಹಾಯಿಸಿದರೆ ತಗಡಿನ ಏರುತಗ್ಗು ಎದ್ದು ಕಾಣುತ್ತದೆ. ಹತ್ತು ಗಂಟೆಯ ಮೇಲೆ ನಮ್ಮ ಬಿಸಿಲಲ್ಲಿ ಕಪ್ಪು ಬಣ್ಣ ಕಣ್ಣು ಕುಕ್ಕುತ್ತದೆ, ಏನೂ ತಿಳಿಯೋದಿಲ್ಲ.

ಅಳಿಯನಿಗೆ ತಡೆಯಲಾಗಲಿಲ್ಲ. "ಮಾಮಾ, ಬಣ್ಣ ನೋಡ್ರಿ, ಕನ್ನಡಿ ಆಗ್ಯದ."

"ಬಣ್ಣ ಆಮ್ಯಾಲ ನೋಡಮು. ಮೊದಲ ಕೆಳಗ ನೋಡಮು."

ಕಾಂಟೆಸ್ಸಾಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಡಬ್ಬಿಯಾಕಾರದ ಪಟ್ಟಿ, ಒಳಗಿನ ನೆಲ, ಮುಂದಿನ ಸಸ್ಪೆನ್ಶನ್ ಕೂತಿರುವ ಜಾಗ, ಇಷ್ಟೇ ಇಡೀ ಕಾರನ್ನು ಹಿಡಿದು ನಿಲ್ಲಿಸಿರೋದು. ಇಲ್ಲಿ ತುಕ್ಕು ತಿಂದಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ನಮ್ಮ ಒಣ ಹವೆಯಲ್ಲಿ ತುಕ್ಕು ಕಡಿಮೆ ಅನ್ನೋದು ನಿಜ, ಮುಂಬೈ ಕಾರಿನಷ್ಟು ಇರೋದಿಲ್ಲ. ಆದರೆ ಎರೆ ಮಣ್ಣು ಇದೆಯಲ್ಲ. ಮಳೆಗಾಲದಲ್ಲಿ ಕಪ್ಪು ಮಣ್ಣು ಚಕ್ರದ ಮೇಲಿನ ಗೂಡಿಗೆ ಮೆತ್ತಿಕೊಂಡರೆ ತಿಂಗಳುಗಟ್ಟಲೆ ಹಸಿ ಹಿಡಿದಿರುತ್ತದೆ. ತಗಡು ಒಳಗಿನಿಂದ ಕೊಳೆಯುತ್ತದೆ. ಬೀದರಿನ ಆ ಕಾರು ನಿಂತದ್ದು ಕೆಂಪು ಮುರ್ರಂ ಮಣ್ಣಿನ ಮೇಲೆ. ಹಿಂದಿನ ಚಕ್ರದ ಗೂಡಿನೊಳಗೆ ಬೆರಳು ಹಾಕಿ ಕೆರೆದೆ. ಒಣಗಿ ಗಟ್ಟಿಯಾದ ಕಪ್ಪು ಹೆಂಟೆ ಕೈಗೆ ಬಂತು. ಆರ್‌ಸಿ ನಂಬರ್ ಕೆಎ 32, ಅಂದರೆ ಕಲಬುರಗಿ. ಕಾರು ಆಯುಷ್ಯ ಕಳೆದದ್ದು ನಮ್ಮ ಹೊಲದ ದಾರಿಗಳಲ್ಲಿ. ಆಮೇಲೆ ನಾನು ಬಾಗಿಲ ಕೆಳಗಿನ ಪಟ್ಟಿಯನ್ನು ಬಿಟ್ಟು ಕದಲಲಿಲ್ಲ.

ಒಂದು ಚಿಕ್ಕ ಚಪ್ಪಟೆ ಮ್ಯಾಗ್ನೆಟ್ ತೆಗೆದುಕೊಂಡು ತೆಳು ಕರ್ಚೀಫಿನಲ್ಲಿ ಸುತ್ತಿ, ಬಣ್ಣ ಗೀರಬಾರದು. ಬಾಗಿಲ ಕೆಳಭಾಗ, ಹಿಂದಿನ ಚಕ್ರದ ಕಮಾನು, ಮುಂದಿನ ಚಕ್ರದ ಮೇಲಿನ ರೆಕ್ಕೆಯ ಕೆಳಮೂಲೆ, ಗಾಜಿನ ಸುತ್ತ, ಡಿಕ್ಕಿಯ ಮೂಲೆಗಳಲ್ಲಿ ಹಿಡಿದು ನೋಡಿ. ಎಲ್ಲಿ ಹಿಡಿತ ಸಡಿಲ ಆಯಿತೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ (ತಗ್ಗು ತುಂಬುವ ಲೇಪ) ದಪ್ಪ ಇದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ತಗಡು ಟಣ್ ಅನ್ನುತ್ತದೆ, ಪುಟ್ಟಿ ದಪ್ ಅನ್ನುತ್ತದೆ. ಡೊಂಕು ಸರಿಮಾಡಿದ ಮೇಲೆ ತೆಳುವಾಗಿ ಪುಟ್ಟಿ ಎಳೆಯೋದು ತಪ್ಪಲ್ಲ. ತೂತು ಮುಚ್ಚಲು ಪುಟ್ಟಿ ತುಂಬೋದು ತಪ್ಪು.

ಮ್ಯಾಗ್ನೆಟ್ಟಿಗೂ ಸಿಗದ ಒಂದು ಕೆಲಸ ಇದೆ. ಕೊಳೆತ ತಗಡನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಹೊಸ ತಗಡು ಇಟ್ಟು ವೆಲ್ಡ್ ಮಾಡಿಬಿಡುತ್ತಾರೆ. ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ. ಆದರೆ ಎರಡು ತಗಡಿನ ನಡುವೆ ನೀರು ಸಿಕ್ಕಿ ತುಕ್ಕು ಮುಂದುವರಿಯುತ್ತಲೇ ಇರುತ್ತದೆ. ಇದನ್ನು ಹೀಗೆ ಹಿಡಿಯಿರಿ. ಬಾಗಿಲು ತೆಗೆದು ಅಂಚಿನ ರಬ್ಬರ್ ಬೀಡಿಂಗ್ ಅನ್ನು ಗೇಣುದ್ದ ಮೆಲ್ಲಗೆ ಎಳೆಯಿರಿ. ಅಲ್ಲಿ ತಗಡಿನ ತುದಿ ಕಾಣುತ್ತದೆ. ಕಂಪನಿಯ ಪಟ್ಟಿಗೆ ಸ್ಪಾಟ್ ವೆಲ್ಡಿನ ಗುಂಡು ಗುರುತುಗಳು ಒಂದೇ ಅಂತರದಲ್ಲಿ ಇರುತ್ತವೆ. ಮೇಲೆ ಹಚ್ಚಿದ್ದರೆ ತುದಿ ದಪ್ಪ, ಗುರುತು ಮಾಯ. ಪಟ್ಟಿಯ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ತಂತಿ ತೂರಿಸಿ ನೋಡಿ. ಬಣ್ಣ, ಸೀಲರ್ ಬಳಿದು ಮುಚ್ಚಿಬಿಟ್ಟಿದ್ದರೆ ಒಳಗೆ ನೀರು ನಿಂತಿದೆ ಅಂತಲೇ ಲೆಕ್ಕ.

ಆಮೇಲೆ ಜಾಕ್ ಪರೀಕ್ಷೆ. ಮಾರುವವರ ಒಪ್ಪಿಗೆ ಪಡೆದು, ಕಂಪನಿ ಜಾಕ್ ಕೊಡಲು ಬಿಟ್ಟ ಜಾಗದಲ್ಲೇ ಎತ್ತಿ. ನಮ್ಮ ಅಂಗಳಗಳಲ್ಲಿ ಶಹಾಬಾದ್ ಕಲ್ಲು, ಜಾಕ್ ಜಾರುತ್ತದೆ. ಅಡಿಗೆ ಮರದ ಹಲಗೆ ಇಡಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲ ಬಿಟ್ಟ ಮೇಲೆ ಆ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ಮೊದಲಿನಂತೆಯೇ ಸಲೀಸಾಗಿ ಮುಚ್ಚಿದರೆ ಬಾಡಿ ಗಟ್ಟಿ. ಬಾಗಿಲು ಕಚ್ಚಿದರೆ, ಅಥವಾ ಮೇಲಿನ ಸಂದು ಕಡಿಮೆ ಆದರೆ ಬಾಡಿ ಬಾಗುತ್ತಿದೆ. ಜಾಕ್ ಕೊಟ್ಟ ಕಡೆ ತಗಡೇ ಒಳಗೆ ಕುಸಿಯುವ ಕಾರುಗಳೂ ಇವೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ನೋಡಲೇಬೇಕು ಅಂದರೆ ಸ್ಟ್ಯಾಂಡ್ ಕೊಡಿ, ಇಲ್ಲಾಂದ್ರೆ ಸರ್ವಿಸ್ ಸ್ಟೇಷನ್ನಿನ ರ‍್ಯಾಂಪಿಗೆ ಹತ್ತಿಸಿ.

ಬೀದರಿನ ಕಾರಿನ ಬಲಬದಿ ಚೆನ್ನಾಗಿತ್ತು. ಎಡಬದಿಯ ಬಾಗಿಲು ಕಚ್ಚಿತು. ನಾನು ಏನೂ ಹೇಳಲಿಲ್ಲ. ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳಿದೆ. ನೀವೂ ಇದನ್ನು ತಪ್ಪದೆ ಕೇಳಿ: "ಇಷ್ಟೆಲ್ಲಾ ಮಾಡೀರಿ. ನಿಮಗ ಸಮಾಧಾನ ಆಗದ ಕೆಲಸ ಯಾವುದ್ರಿ?"

ಅವರು ಆ ಎಡ ಪಟ್ಟಿಯನ್ನೇ ತೋರಿಸಿದರು. "ಇದೊಂದ ನೋಡ್ರಿ ಸರ್. ಹಳೇ ತಗಡ ಕಟ್ ಮಾಡು ಅಂತ ವೆಲ್ಡಿಂಗ್ ಹುಡುಗಗ ಹೇಳಿದ್ದೆ. ನಾ ಕಾಲೇಜಿಗಿ ಹೋಗಿ ಬರೋದ್ರಾಗ ಮ್ಯಾಲೇ ಹಚ್ಚಿಬಿಟ್ಟಿದ್ದ."

ಹೀಗೆ ಬಾಯಿಬಿಟ್ಟು ಹೇಳುವವರ ಕಾರು ಕೊಳ್ಳಬಹುದು. "ಒಂದು ರೂಪಾಯಿ ಕೆಲಸ ಇಲ್ಲ" ಅನ್ನುವವರ ಕಾರಿನಲ್ಲಿ ನಾನು ಇನ್ನೂ ಒಂದು ಗಂಟೆ ಜಾಸ್ತಿ ಹುಡುಕುತ್ತೇನೆ. ಅಡಿಗೆಲ್ಲ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೂ ಅಷ್ಟೇ. ಬಳಿಯುವ ಮುಂಚಿನ ಫೋಟೋ ಇಲ್ಲದಿದ್ದರೆ ಅದರ ಕೆಳಗೆ ತುಕ್ಕಿದೆ ಅಂತಲೇ ಬೆಲೆ ಕಟ್ಟಿ.

ಇಂಜಿನ್ ಮತ್ತು ನೀರು

ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಬಿಸಿ ಇದ್ದಾಗ ಕೈ ಹಚ್ಚಬೇಡಿ. ಹೆಚ್ಚಿನವರು ಇಣುಕಿ ಮುಚ್ಚಿಬಿಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇಲ್ಲೇ ಹೊತ್ತು ಕಳೆಯಬೇಕು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲವೇ ಸುಣ್ಣದಕಲ್ಲು, ಬೋರಿನ ನೀರು ಗಡಸು. ಕೂಲಂಟ್ ಬದಲು ಅದೇ ನೀರು ಹಾಕುತ್ತಾ ಬಂದರೆ ಟೀ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ರೇಡಿಯೇಟರ್ ಕೊಳವೆಗಳಲ್ಲೂ ಇಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಡಿಸೆಂಬರಿನಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಮೇ ತಿಂಗಳ 42, 43 ಡಿಗ್ರಿಯಲ್ಲಿ ಜಗತ್ ಸರ್ಕಲ್ ಟ್ರಾಫಿಕ್‌ನಲ್ಲಿ ನಿಂತಾಗ ಕುದಿಯುತ್ತದೆ. ಮುಚ್ಚಳದ ಬಾಯಿಯ ಒಳಗೆ ಬೆರಳಾಡಿಸಿ. ಬಿಳಿ ಅಥವಾ ಕಂದು ಪುಡಿ ಬಂದರೆ ರೇಡಿಯೇಟರ್ ಬಿಚ್ಚಿ ತೊಳೆಸುವ ಖರ್ಚು ಬರೆದುಕೊಳ್ಳಿ. ಮೇಷ್ಟ್ರ ಕಾರಿನಲ್ಲಿ ಪುಡಿ ಬಂತು.

ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿರುವ ಅನುಮಾನ.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಶುರುವಿನಲ್ಲಿ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಸಣ್ಣ ಖರ್ಚು. ಎಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿದೆ, ದೊಡ್ಡ ಖರ್ಚು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ನಾಲ್ಕೂ ಸಿಲಿಂಡರ್ ಅಳೆಸಿ. ನಾಲ್ಕೂ ಹತ್ತಿರ ಹತ್ತಿರ ಇರಬೇಕು, ಒಂದೇ ತೀರಾ ಕೆಳಗಿದ್ದರೆ ಕಾರಣ ಹುಡುಕಬೇಕು. ನೆರಳಲ್ಲಿ ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಆ ಹೊತ್ತಿನಲ್ಲಿ ಕೆಳಗಿನ ಕಲ್ಲಿನ ಮೇಲೆ ಏನು ತೊಟ್ಟಿಕ್ಕುತ್ತದೆ ಅನ್ನೋದೂ ಕಾಣುತ್ತದೆ. 1489 ಇಂಜಿನ್ನಿನ ಹಿಂದುಗಡೆ ಒಂದೆರಡು ಹನಿ ಆಯಿಲ್ ಬಿದ್ದರೆ ಹೆದರಬೇಡಿ, ಆ ಇಂಜಿನ್ ಕಟ್ಟಿರೋದೇ ಹಾಗೆ. ಇಸುಜು ಹಾಗೆ ಸೋರಿದರೆ ಸೀಲ್ ಹೋಗಿದೆ.

ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ಈ ಕಾರಿನ ಹಳೇ ರಬ್ಬರ್ ಪೈಪುಗಳು ಅದಕ್ಕೆ ತಡೆಯೋದಿಲ್ಲ. ಪೈಪ್ ಬಾಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗೆ ಉಬ್ಬಿದ್ದರೆ ಬದಲಿಸಲೇಬೇಕು. ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರೋದು ಆಟ ಅಲ್ಲ.

ವೈರಿಂಗ್, ಬ್ರೇಕ್, ಓಡಾಟ

ಮನೆಯಲ್ಲಿ ಮಾಡಿದ ಕಾರುಗಳಲ್ಲಿ ನನಗೆ ಅತಿ ಹೆಚ್ಚು ಭಯ ವೈರಿಂಗ್‌ದು. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ. ತಿರುವಿ ಟೇಪ್ ಸುತ್ತಿದ ಜಾಯಿಂಟುಗಳು, ಒಂದೇ ಬಣ್ಣದ ಹತ್ತು ವೈರು, ರಿಲೇ ಇಲ್ಲದೆ ನೇರ ಎಳೆದ ಫಾಗ್ ಲೈಟ್, ಫ್ಯೂಸಿನ ಜಾಗದಲ್ಲಿ ತಂತಿ. ಇವುಗಳಲ್ಲಿ ಎರಡು ಕಂಡರೆ ಪೂರ್ತಿ ವೈರಿಂಗ್ ಹೊಸದು ಅಂತ ಲೆಕ್ಕ ಹಾಕಿ. ನಮ್ಮ ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ.

ಬ್ರೇಕಿಗೆ ಎರಡು ಪರೀಕ್ಷೆ ಸಾಕು. ಇಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು, ಆಗ ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಸರಿ ಇದೆ. ಹಾಗೇ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಲೇ ಹೋದರೆ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಟೈರಿನ ಬದಿಯ ನಾಲ್ಕು ಅಂಕಿ ಓದಿ. 2317 ಅಂದರೆ 2017ರ 23ನೇ ವಾರ. ನೆಲಕ್ಕೆ ತಾಗುವ ಕಡೆಯ ಗೀರು ಸವೆಯದೆ ಎಷ್ಟೇ ಆಳ ಇದ್ದರೂ ಅಂಥ ಹಳೇ ಟೈರ್ ಬಿಸಿಲಲ್ಲಿ ಸಿಡಿಯಬಹುದು.

ಓಡಿಸುವಾಗ ನಾವು ಹುಮನಾಬಾದ್ ರಸ್ತೆ ಹಿಡಿದೆವು. ನೇರ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಹಿಡಿದರೆ ಕಾರು ಎಳೆಯಬಾರದು. ಎರಡನೇ ಗೇರಿಗೆ ಇಳಿಸುವಾಗ ಕರಕರ ಅನ್ನಬಾರದು. ಹಂಪ್ ಹತ್ತಿಸಿ, ಪೂರ್ತಿ ಸ್ಟೇರಿಂಗ್ ತಿರುಗಿಸಿ. ಅಗಲ ಟೈರ್ ಬಾಡಿಗೆ ಉಜ್ಜುವ ಸದ್ದು ಅಲ್ಲೇ ಕೇಳುತ್ತದೆ. ಹಾಡು ಹಾಕಲು ಬಿಡಬೇಡಿ.

ಬೆಲೆ

"ಏಳು ಲಕ್ಷ ಸುರಿದೀನಿ" ಅನ್ನೋದು ಬೆಲೆ ಅಲ್ಲ. ಆ ದುಡ್ಡಿನಲ್ಲಿ ಎರಡೆರಡು ಸಲ ಮಾಡಿದ ಕೆಲಸದ ಖರ್ಚೂ ಸೇರಿರುತ್ತದೆ. ಅವರ ಶ್ರಮಕ್ಕೆ ನನಗೆ ಗೌರವ ಇದೆ, ಅದನ್ನು ಬಾಯಲ್ಲಿ ಹೇಳುತ್ತೇನೆ ಕೂಡ. ಆದರೆ ಬೆಲೆಯನ್ನು ಉಳಿದಿರುವ ಕೆಲಸದಿಂದ ಕಟ್ಟಬೇಕು.

ನನ್ನ ಲೆಕ್ಕ ಹೀಗೆ. ಅದೇ ಇಂಜಿನ್ನಿನ, ಕೆಲಸ ಏನೂ ಉಳಿದಿಲ್ಲದ ಕಾರು ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿತು ಅಂತ ಪರಿಚಯದವರಲ್ಲಿ ಕೇಳಿ. ಜಾಹೀರಾತಿನ ಬೆಲೆ ಬೇಡ, ಕೊಟ್ಟ ಬೆಲೆ ಬೇಕು. ನಮಗೆ ಸಿಕ್ಕ ಅಂಕಿ ಆರು ಲಕ್ಷ. ಮೇಷ್ಟ್ರು ಕೇಳಿದ್ದು ಆರೂವರೆ. ಎಡಪಟ್ಟಿ ಕತ್ತರಿಸಿ ಹೊಸದಾಗಿ ಕಟ್ಟಿ ಬಣ್ಣ ಹೊಡೆಯಲು 60 ಸಾವಿರ, ವೈರಿಂಗ್ 25, ಟೈರ್ 24, ರೇಡಿಯೇಟರ್ ಮತ್ತು ಪೈಪು 12, ಬ್ರೇಕ್ 10. ಕಪನೂರಿನ ನಮ್ಮ ಮಿಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿದ ರೇಟು ಇವು. ಒಟ್ಟು 1,31,000. ಬಿಚ್ಚಿದ ಮೇಲೆ ಕಾಣುವ ಕೆಲಸ ಇದ್ದೇ ಇರುತ್ತದೆ, ಅದಕ್ಕೆ ಕಾಲುಭಾಗ, 33 ಸಾವಿರ. ಕಳೆದರೆ ಉಳಿದದ್ದು 4,36,000.

ಇಲ್ಲದ ಸಾಮಾನನ್ನು ಬೇರೆಯೇ ತೂಗಬೇಕು. 1489 ಇಂಜಿನ್ ಭಾಗಗಳು ಸಿಗುತ್ತವೆ, ಅಂಬಾಸಿಡರ್ 2014ರವರೆಗೂ ಬಂದಿದೆ. ಕಾಂಟೆಸ್ಸಾದ್ದೇ ಆದ ಮುಂದಿನ ಗಾಜು, ಹಿಂದಿನ ದೀಪದ ಕವರ್, ಗ್ರಿಲ್, ಬಾಗಿಲ ಬೀಡಿಂಗ್ ಸಿಗೋದು ಕಷ್ಟ. ಕೋಲ್ಕತ್ತಾದ ಮಲ್ಲಿಕ್ ಬಜಾರ್, ಚೆನ್ನೈನ ಪುದುಪೇಟೆ ಅಂತ ಅಲೆಯಬೇಕು. ಆದ್ದರಿಂದ ಒಡೆದ ದೀಪವೊಂದು ಇಂಜಿನ್ನಿನ ಸಣ್ಣ ರಿಪೇರಿಗಿಂತ ದುಬಾರಿ ಬೀಳಬಹುದು. ಮೇಷ್ಟ್ರ ಹತ್ತಿರ ಒಂದು ಗಾಜು, ಜೋಡಿ ದೀಪ, ಎರಡು ಬಾಗಿಲ ಹ್ಯಾಂಡಲ್ ಬಿಡಿಯಾಗಿ ಇದ್ದವು. ಅವನ್ನೂ ಸೇರಿಸಿ 4,60,000ಕ್ಕೆ ಮಾತು ಮುಗಿಯಿತು. ಚೀಟಿಯಲ್ಲಿ ಬರೆದ ಲೆಕ್ಕವನ್ನು ಅವರ ಮುಂದೆಯೇ ಇಟ್ಟೆವು. ಚೌಕಾಸಿ ಅಂತ ಅವರಿಗೆ ಬೇಜಾರಾಗಲಿಲ್ಲ, ಒಂದೊಂದು ಸಾಲೂ ಅವರಿಗೇ ಗೊತ್ತಿದ್ದದ್ದು.

ಟೋಕನ್ ಕೊಡುವ ಮುಂಚೆ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಒಂದೊಂದು ಅಂಕಿ ಹೊಂದಿಸಿ. ನಂಬರಿನ ಸುತ್ತ ಉಜ್ಜಿದ ಗುರುತು ಇದ್ದರೆ ಬಿಟ್ಟು ಬನ್ನಿ. ಬಣ್ಣ ಬದಲಾಗಿದ್ದರೆ ಅದೂ ಆರ್‌ಸಿಯಲ್ಲಿ ಹತ್ತಿರಬೇಕು. ಬ್ಯಾಂಕ್ ಸಾಲ ಬಾಕಿ ಇದೆಯಾ ಅಂತ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಆದ ಮೇಲೆ ಪೂರ್ತಿ ಹಣ, ಅದೂ ಬ್ಯಾಂಕಿನ ಮೂಲಕ.

ಕಾರನ್ನು ಅವತ್ತೇ ಓಡಿಸಿಕೊಂಡು ಬರಬೇಡಿ. ಅಳಿಯನಿಗೆ ತುಂಬಾ ಆಸೆ ಇತ್ತು, ನಾನು ಒಪ್ಪಲಿಲ್ಲ. ಬೀದರಿನಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ಹಳೇ ಟೈರ್, ಹಳೇ ಪೆಟ್ರೋಲ್ ಪೈಪ್, ಕಚ್ಚುವ ಬಾಗಿಲು. ಲಾರಿ ಮೇಲೆ ಹಾಕಿಸಿ, ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿ, ಮೊದಲು ಪೈಪು, ಬ್ರೇಕ್, ಟೈರ್ ಬದಲಿಸಿ. ಎಡಪಟ್ಟಿಯ ಕೆಲಸ ಮಳೆಗಾಲಕ್ಕಿಂತ ಮುಂಚೆ ಮುಗಿಯಲಿ.